ಅವ್ವ ಕೇಳಿದ ಸಿನಿಮಾ

ನಾನು ಊರೂರಿನ ನಾಟಕಗಳಲ್ಲಿ ಪಾರ್ಟು ಮಾಡಲು ಹೊರಟರೆ ಜತೆಗೆ ಬರುತ್ತಿದ್ದವಳು ಅವ್ವ. ಮೂಡಲಗಿಯಿಂದ ಬಸ್ಸು ಬದಲಿಸಿ ಹುಕ್ಕೇರಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆವು. ಊರ ಗಂಡಸರೇ ಕಲಿತು ಆಡುವ ನಾಟಕ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಿದ್ದರು. ನಾನು ಬಣ್ಣ ಹಚ್ಚಿಕೊಂಡು ರಂಗಕ್ಕೆ ಹೋದರೆ ಅವ್ವ ಪರದೆಯ ಮರೆಯಲ್ಲಿ, ಹಾರ್ಮೋನಿಯಂ ಮಾಸ್ತರರ ಹಿಂದೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದ ಮೇಲೂ ಬರುವುದನ್ನು ಬಿಡಲಿಲ್ಲ.

"ನಿನ್ನ ಮಾತು ಕೇಳಿದ್ರ ನೋಡಿದಂಗ ಆಗತೈತಿ" ಎನ್ನುತ್ತಿದ್ದಳು. ನನಗೆ ನೆಗಡಿಯಾಗಿದ್ದರೂ ಮನಸ್ಸು ಕೆಟ್ಟಿದ್ದರೂ ಮೊದಲ ಮಾತಿಗೇ ಅವಳಿಗೆ ತಿಳಿಯುತ್ತಿತ್ತು.

ಹೀಗಿರುವಾಗ ಸಿನಿಮಾವೊಂದರಲ್ಲಿ ನಾಯಕನ ಅಕ್ಕನ ಪಾತ್ರ ಸಿಕ್ಕಿತು. ಅದು ಗೋಕಾಕದ ಟಾಕೀಸಿಗೆ ಬಂದ ದಿನ ಅವ್ವ ಇಳಕಲ್ ಸೀರೆ ಉಟ್ಟು ತಯಾರಾದಳು. ಮಧ್ಯಾಹ್ನದ ಆಟ. ತೆರೆಯ ಮೇಲೆ ನನ್ನ ಮುಖ ಕಂಡಾಗ ಜನ ಸೀಟಿ ಹೊಡೆದರು. ಅಲ್ಲಿ ನಾನು ಬಾಯಿ ತೆರೆದೆ. ಹೊರಬಿದ್ದದ್ದು ಯಾರದೋ ತೆಳ್ಳನೆಯ ದನಿ. ನನಗೆ ತಿಳಿಸದೆಯೇ ಬೇರೊಬ್ಬರಿಂದ ಮಾತು ಹೇಳಿಸಿದ್ದರು.

ಅವ್ವ ಕಿವಿಗೊಟ್ಟು ಕಾಯುತ್ತಲೇ ಇದ್ದಳು. ಕೊನೆಗೆ, "ನೀ ಯಾವಾಗ ಬರತಿ?" ಎಂದಳು.

"ಈಗ ಮಾತಾಡಾಕತ್ತಾಳಲ್ಲ ಯವ್ವಾ, ನಾನ ಅಕಿ."

"ಹುಚ್ಚಿ, ನಿನ್ನ ದನಿ ನನಗ ಗೊತ್ತಿಲ್ಲೇನು?"

ನನಗೆ ಅಳು ಬಂತು. ಅವಳ ಕಿವಿಗೆ ಬಾಯಿ ಹಚ್ಚಿ ನನ್ನ ಮಾತುಗಳನ್ನೆಲ್ಲ ನಾನೇ ಹೇಳತೊಡಗಿದೆ. ಹಿಂದಿನ ಸಾಲಿನ ಹೆಂಗಸೊಬ್ಬಳು ರೇಗಿದಳು: "ಸುಮ್ಮ ಕುಂದರ್ರಿ, ಸಿನಿಮಾ ನೋಡಾಕ ಬಂದೇವಿ." ತಿರುಗಿದೆ. ನನ್ನ ಮುಖ ನೋಡಿದಳು, ತೆರೆ ನೋಡಿದಳು. ತುಸು ಹೊತ್ತಿಗೆ ಮುಂದೆ ಬಾಗಿ, "ಜೋರ ಹೇಳ್ರಿ ಅಕ್ಕಾರ, ನಾವೂ ಕೇಳ್ತೇವಿ" ಎಂದಳು.

ಮುಂದಿನ ಸಿನಿಮಾಕ್ಕೆ ಕರೆ ಬಂದಾಗ, ನನ್ನದೇ ದನಿಯಾದರೆ ಬರುತ್ತೇನೆ ಎಂದೆ. "ನಿಮ್ಮ ಭಾಷೆ ಒರಟು ಮೇಡಂ, ನಡೆಯಲ್ಲ" ಎಂದು ಫೋನಿಟ್ಟರು. ಆ ಮೇಲೆ ಕೆಲವು ವರ್ಷ ಹಳ್ಳಿಯ ನಾಟಕಗಳೇ. ಒಳಗೊಳಗೇ ಬೇಸರವಿತ್ತು. ಅವ್ವ ಮಾತ್ರ ಪರದೆಯ ಮರೆಯಲ್ಲಿ ಸುಖವಾಗಿ ಕೂತಿರುತ್ತಿದ್ದಳು.

ಹುಕ್ಕೇರಿ ಹತ್ತಿರದ ಒಂದು ನಾಟಕಕ್ಕೆ ಬಂದಿದ್ದ ಸಿನಿಮಾ ನಿರ್ದೇಶಕಿಯೊಬ್ಬಳು ನನ್ನನ್ನು ಹುಡುಕಿಕೊಂಡು ಮನೆಗೇ ಬಂದಳು. ಘಟಪ್ರಭಾ ಸ್ಟೇಷನ್ನಿನ ಎದುರು ಚಹಾದಂಗಡಿ ನಡೆಸುವ ಹೆಂಗಸಿನ ಪಾತ್ರ. "ನೀವು ಹೀಗೇ ಮಾತಾಡಬೇಕು. ತಿದ್ದಿಕೊಂಡರೆ ನನಗೆ ಬೇಡ" ಎಂದಳು.

ಆ ಸಿನಿಮಾವೂ ಅದೇ ಟಾಕೀಸಿಗೆ ಬಂತು. ಒಂದು ದೃಶ್ಯದಲ್ಲಿ ನಾನು ತವರಿಗೆ ಬಂದು, ಬಾಗಿಲಲ್ಲಿ ನಿಂತು "ಯವ್ವಾ" ಎಂದು ಅಳುತ್ತ ಕೂಗುತ್ತೇನೆ. ಕತ್ತಲಲ್ಲಿ ನನ್ನ ಬಾಜೂ ಕೂತಿದ್ದ ಅವ್ವ ದೊಡ್ಡ ದನಿಯಲ್ಲಿ, "ಏನ ತಂಗಿ? ಇಲ್ಲೇ ಅದೇನಿ!" ಎಂದುಬಿಟ್ಟಳು. ಇಡೀ ಟಾಕೀಸು ನಕ್ಕಿತು. ಅವ್ವ ನಾಚಿ, ಸೆರಗು ಬಾಯಿಗೊತ್ತಿಕೊಂಡು ತಾನೂ ನಕ್ಕಳು. ನಾನು ಅವಳ ಕೈ ಹಿಡಿದುಕೊಂಡೆ. ಕಿವಿಯಲ್ಲಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಮೂಡಲಗಿ ಬಸ್ಸಿನಲ್ಲಿ ಕೇಳಿದೆ: "ಹ್ಯಾಂಗಿತ್ತು ಯವ್ವಾ?"

"ಚಲೋ ಮಾಡೀದಿ. ಆದ್ರ ಅಷ್ಟ ಅಳಬಾರದಾಗಿತ್ತು, ಗಂಟಲಾ ಕೆಡತೈತಿ" ಎಂದು ನನ್ನ ಹೆಗಲಿಗೆ ತಲೆಯಿಟ್ಟಳು.