ಉಪ್ಪು ಬಿದ್ದ ಗಂಜಿ

ಯಾದಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು ಮೊನ್ನೆ ಬಕೆಟ್ ನೀರಿಗೆ ಬೇವಿನ ಸೊಪ್ಪು ಹಾಕಿ ಅಂಗಳದ ಬಿಸಿಲಿಗಿಟ್ಟಿದ್ದರು. ಮೈಮೇಲಿನ ಗುಳ್ಳೆಗಳು ಒಣಗಿದ ಮಗುವಿಗೆ ಅಂದು ಮೊದಲ ಸ್ನಾನ. ಬೆಚ್ಚಗಾದ ಆ ಕಹಿ ವಾಸನೆ ಗೋಡೆ ದಾಟಿ ಬಂದಾಗ, ನಾನು ಓದುತ್ತಿದ್ದ ಪುಟ ಅಲ್ಲೇ ನಿಂತಿತು. ಅತ್ತಿ ನೆನಪಾದಳು...

ಅತ್ತಿ, ಅಂದರೆ ಅತ್ತೆ, ಎಂದು ಕರೆಯುತ್ತಿದ್ದರೂ ಆಕೆ ನಮ್ಮ ಬಳಗದವಳಲ್ಲ. ಶಹಾಪುರದ ಹತ್ತಿರದ ನಮ್ಮೂರಿನ ಹೊಲಗಳಲ್ಲಿ ಕಾಲುವೆ ಕೆಲಸ ನಡೆದಿದ್ದ ಕಾಲವದು. ಆಕೆಯ ಗಂಡ ಗುರುಮಠಕಲ್ ಕಡೆಯ ಗೌಂಡಿ. ಕಾಲುವೆಗೆ ಕಲ್ಲು ಕಟ್ಟಲು ಬಂದು, ನಮ್ಮ ಪಕ್ಕದ ಮನೆಯ ಒಂದು ಖೋಲಿಯಲ್ಲಿ ಬಾಡಿಗೆಗಿದ್ದರು. ಆಕೆಯ ಮಾತಿನಲ್ಲಿ ತೆಲುಗು ಸುಳಿಯುತ್ತಿದ್ದರಿಂದ ಓಣಿಯ ಹೆಂಗಸರು ನಗುತ್ತಿದ್ದರು. ಆಕೆ ಅವರಿಗಿಂತ ಜೋರಾಗಿ ನಗುತ್ತಿದ್ದಳು.

ಆ ವರ್ಷ ನನಗೆ ದಡಾರ ಎದ್ದಿತ್ತು. ನಮ್ಮ ಕಡೆ ಅದಕ್ಕೆ ಗೊಬ್ಬರ ಅನ್ನುತ್ತಾರೆ, ಅಮ್ಮ ಬಂದಾಳ ಅಂತಲೂ ಅನ್ನುತ್ತಾರೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮಲಗಿದವರ ಗಂಜಿಗೆ ಉಪ್ಪು ಬೀಳುವಂತಿಲ್ಲ. ಆಯಿ, ಅಂದರೆ ನನ್ನಪ್ಪನ ತಾಯಿ, ಉಪ್ಪಿನ ಗಡಿಗೆಯನ್ನು ತನ್ನ ಹಾಸಿಗೆಯ ತಲೆದೆಸೆಗೆ ಇಟ್ಟುಕೊಂಡಿದ್ದಳಂತೆ. ದಡಾರದ ಜೊತೆಗೆ ಭೇದಿಯೂ ಹತ್ತಿತು. ನಾನು ಕಣ್ಣು ತೆರೆಯುತ್ತಿರಲಿಲ್ಲ ಎನ್ನುತ್ತಾರೆ. ಆದರೂ ನನಗೊಂದು ಚಿತ್ರ ನೆನಪಿದೆ: ಹಸಿರು ಸೆರಗು, ಅದರೊಳಗಿಂದ ಹೊರಬಂದ ತಂಬಿಗೆ, ಕಿವಿಯ ಹತ್ತಿರ ಪಿಸುಮಾತು. "ಏನ್ ಸಾಹೇಬಾ, ಕಾಲುವಿ ಗೇಟಾದ್ರೂ ತೆರೀತದ, ನಿನ್ನ ಬಾಯಿ ತೆರೆಯಂಗಿಲ್ಲೇನು?"

ಸೆರಗು ಹಸಿರಲ್ಲ, ಕೆಂಪು ಅಂದಿದ್ದಳು ಅವ್ವ. ಕಣ್ಣೇ ತೆರೆಯದವನು ಬಣ್ಣ ನೋಡಿದ್ದಾದರೂ ಹೇಗೆ? ಕೇಳಿದ್ದನ್ನೇ ಕಂಡದ್ದೆಂದು ನಂಬಿರಬಹುದು...

ಅತ್ತಿ ಸಿಕ್ಕಿಬಿದ್ದದ್ದು ಹೀಗೆ. ನನ್ನ ಪಕ್ಕ ಇಟ್ಟ ಗಂಜಿಯಲ್ಲಿ ಉಳಿದದ್ದನ್ನು ಆಯಿ ಅಮ್ಮನ ಪ್ರಸಾದವೆಂದು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು. ಅಂದು ಉಪ್ಪು ಹತ್ತಿತು. ಹೊರಗಿನಿಂದ ನನ್ನ ಬಳಿ ಬರುತ್ತಿದ್ದವಳು ಅತ್ತಿ ಒಬ್ಬಳೇ. ಓಣಿ ಸೇರಿತು. "ನನ್ನ ಮೊಮ್ಮಗನ್ನ ಕೊಲ್ಲಾಕ ಬಂದೀಯೇನ?" ಎಂದು ಆಯಿ ಕೇಳಿದಾಗ ಅತ್ತಿ ಹೇಳಿದ್ದು ಒಂದೇ ಮಾತು. "ತಪ್ಪಾತ್ರೀ, ನಾನೇ ಹಾಕೀನಿ." ತಲೆಯ ಮೇಲೆ ನೀರು ಸುರಿದು, ಬಾಯಲ್ಲಿ ಬೇವಿನ ಎಸಳು ಕಚ್ಚಿಸಿ, ಒದ್ದೆ ಸೀರೆಯಲ್ಲೇ ಆಕೆಯನ್ನು ಊರಾಚೆಯ ಅಮ್ಮನ ಕಟ್ಟೆಯವರೆಗೆ ನಡೆಸಿದರು. ನಮ್ಮ ಮನೆಯವರು ಮುಂದೆ, ಓಣಿ ಹಿಂದೆ. ಕಾಲುವೆ ಕೆಲಸ ಹೇಗೂ ಮುಂದಿನ ಊರಿಗೆ ಸರಿದಿತ್ತು. ಮಾರನೆಯ ದಿನವೇ ಗಂಡ ಹೆಂಡತಿ ಊರು ಬಿಟ್ಟರು. ನಾನಿನ್ನೂ ಕಣ್ಣು ಮುಚ್ಚಿಯೇ ಮಲಗಿದ್ದೆ. ಚೇತರಿಸಿಕೊಂಡದ್ದು ಆಮೇಲೆ.

ಮುಂದೆ ನಾನು ಜೀವಶಾಸ್ತ್ರ ಓದಿದೆ, ಹಲವು ಊರುಗಳಲ್ಲಿ ಅದನ್ನೇ ಕಲಿಸಿದೆ. ಜೀವಕೋಶವೊಂದು ಬದುಕಿರಬೇಕಾದರೆ ಸೋಡಿಯಂ ಅನ್ನು ಹೊರಗೆ, ಪೊಟ್ಯಾಸಿಯಂ ಅನ್ನು ಒಳಗೆ ಇಡಲು ಸದಾ ಪಂಪು ನಡೆಸುತ್ತಿರಬೇಕು. ಅದರ ಶಕ್ತಿಯ ದೊಡ್ಡದೊಂದು ಪಾಲು ಇದಕ್ಕೇ ಹೋಗುತ್ತದೆ. ಒಳಹೊಕ್ಕ ವೈರಾಣು ಆ ಶಕ್ತಿಯನ್ನು ತನ್ನ ಪ್ರತಿಗಳನ್ನು ಕಟ್ಟಿಸಲು ತಿರುಗಿಸಿಕೊಳ್ಳುತ್ತದೆ. ಕರುಳಿಗೆ ಹತ್ತುವ ಕೆಲವು ವೈರಾಣುಗಳು ಕೋಶ ಕೂಡಿಟ್ಟ ಕ್ಯಾಲ್ಸಿಯಂ ಸೋರುವಂತೆ ಮಾಡುತ್ತವೆ. ಆಗ ಕ್ಲೋರೈಡ್ ಹೊರಗೆ ಹರಿಯುತ್ತದೆ, ಅದರ ಬೆನ್ನಿಗೆ ನೀರು. ಆದರೆ ಸಕ್ಕರೆಯನ್ನೂ ಸೋಡಿಯಂ ಅನ್ನೂ ಜೊತೆಯಾಗಿ ಒಳಗೆ ಬಿಟ್ಟುಕೊಳ್ಳುವ ಬಾಗಿಲು ಸಾಮಾನ್ಯವಾಗಿ ಪೂರ್ತಿ ಕೆಡುವುದಿಲ್ಲ. ಗಂಜಿಯ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ, ಉಪ್ಪು ಜೊತೆಗೂಡಿದರೆ ನೀರು ಮತ್ತೆ ಒಳಗೆ ಬರುತ್ತದೆ. ನನಗೆ ಹತ್ತಿದ್ದು ಯಾವ ವೈರಾಣು ಎಂದು ಯಾರೂ ಪರೀಕ್ಷಿಸಲಿಲ್ಲ, ಉಪ್ಪಿಲ್ಲದೆಯೂ ಉಳಿಯುತ್ತಿದ್ದೆನೇನೋ. ಹಾಗಿದ್ದರೂ ಈ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಅತ್ತಿಯ ಕಥೆ ಹೇಳುತ್ತಿದ್ದೆ. ಏನೂ ತಿಳಿಯದ ಹೆಂಗಸು, ಕನಿಕರಕ್ಕೆ ಉಪ್ಪು ಹಾಕಿದಳು ಎಂದು. ಹುಡುಗರು ಮೆಚ್ಚುತ್ತಿದ್ದರು.

ಅವ್ವ ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಅವಳ ಮುಂದೆಯೂ ಅದನ್ನೇ ಹೇಳಿದೆ. "ಆಕಿಗೇನು ಗೊತ್ತಿತ್ತವ್ವ, ಪಾಪ ಅನಿಸಿ ಹಾಕಿರಬೇಕು."

ಅವ್ವ ಬಿಡಿಸುತ್ತಿದ್ದ ಮೆಂತ್ಯೆ ಸೊಪ್ಪನ್ನು ಕೆಳಗಿಟ್ಟಳು. "ನಾನೇ ಹೇಳಿದ್ದೆ ಆಕಿಗೆ. ಗಂಜಿಗೆ ಉಪ್ಪು ಹಾಕಿ ಕುಡಸ್ರಿ ಅಂತ ದವಾಖಾನಿ ಕಂಪೌಂಡರ್ ಅಂದಿದ್ದ. ನಿಮ್ಮ ಆಯಿ ಮುಂದ ಉಪ್ಪಿನ ಗಡಿಗಿ ಮುಟ್ಟಾಕ ನನಗ ಧೈರ್ಯ ಇದ್ದಿದ್ದಿಲ್ಲ."

"ಮತ್ತ ಅವತ್ತು ಯಾಕ ಸುಮ್ಮನಿದ್ದಿ?"

"ನಾನು ಆ ಮನ್ಯಾಗ ಬಾಳೇವು ಮಾಡಬೇಕಿತ್ತಪ. ಆಕಿ ಹೆಂಗೂ ಊರು ಬಿಟ್ಟು ಹೋಗಾಕಿ ಇದ್ಲು."

ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು ತಾನೇ ಅಂದಳು, "ರಂಗಂಪೇಟ್ಯಾಗ ಮನಿ ಮಾಡ್ಯಾರ ಅಂತ ಸಂತ್ಯಾಗ ಯಾರೋ ಹೇಳಿದ್ರು. ಭಾಳ ವರ್ಷ ಆತು. ಮುಖ ತೋರ್ಸಾಕ ಆಗಲಿಲ್ಲ."

ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ ಗೌಂಡಿಯ ಮನೆ ಕೇಳುತ್ತ ಹೋದೆ. ಬಾಗಿಲ ಬಳಿ ಹೆಣ್ಣುಮಗಳೊಬ್ಬಳು ಹೊಲಿಗೆ ಯಂತ್ರ ತುಳಿಯುತ್ತಿದ್ದಳು, ಅತ್ತಿಯ ಮಗಳು. ಅತ್ತಿ ಇರಲಿಲ್ಲ, ತೀರಿಕೊಂಡು ವರ್ಷಗಳಾಗಿದ್ದವು. ನಮ್ಮೂರ ಹೆಸರು ಹೇಳಿದೆ. ಅವಳ ಕಾಲು ನಿಂತಿತು.

"ಶಹಾಪುರ ಕಡಿಯವ್ರು ಯಾರು ಬಂದ್ರೂ ನಮ್ಮವ್ವ ಅದೊಂದೇ ಕೇಳಾಕಿ ನೋಡ್ರಿ. ಗೊಬ್ಬರ ಎದ್ದ ಹುಡುಗ ಒಬ್ಬಾಂವ ಇದ್ದ, ಉಳಿದನೇನು ಅಂತ. ಯಾರಿಗೂ ಗೊತ್ತಿರ್ತಿದ್ದಿಲ್ಲ. ತನ್ನ ಕೈಲೇ ಸತ್ತ ಅಂತ ತಿಳ್ಕೊಂಡಿದ್ಲು ಕಡೀತನ." ಆಮೇಲೆ ಕೇಳಿದಳು, "ನೀವು ಅವನ ಪೈಕಿ ಏನ್ರಿ?"

"ನಾನೇ ಅವನು" ಅಂದೆ.

ಅವಳು ನನ್ನ ನರೆತ ತಲೆಯನ್ನೂ ಕನ್ನಡಕವನ್ನೂ ನೋಡಿದಳು. ಸಿಟ್ಟಾಗಲಿಲ್ಲ. "ಚಲೋ ಆತು ಬಿಡ್ರಿ. ಕುಂದರ್ರಿ, ಚಹಾ ಮಾಡ್ತೀನಿ" ಅಂದಳು.

ಅತ್ತಿ ಯಾವ ವರ್ಷ ತೀರಿಕೊಂಡಳೆಂದು ಕೇಳಿದೆ, ಹೇಳಿದಳು. ಈ ಒಂದು ವಿಷಯದಲ್ಲಿ ನನ್ನ ನೆನಪು ತಪ್ಪಿರಲಿ ಎಂದು ಇಂದಿಗೂ ಹಳೆಯ ಲೆಕ್ಕವನ್ನು ಮತ್ತೆ ಮತ್ತೆ ಹಾಕಿ ನೋಡುತ್ತೇನೆ. ತಪ್ಪಿಲ್ಲ. ಆ ವರ್ಷ ನಾನು ಸುರಪುರದಲ್ಲೇ ಇದ್ದೆ, ಆಕೆಯ ಮನೆಯಿಂದ ನಡೆದು ಹೋಗುವಷ್ಟು ದೂರದ ತರಗತಿಯಲ್ಲಿ ನಿಂತು, ಆಕೆಯ ಕಥೆ ಹೇಳುತ್ತಿದ್ದೆ.