ಹಿಂದಕ್ಕೆ ನಡೆಯುವ ಕೆಲಸ

ನಮ್ಮ ದೊಡ್ಡಪ್ಪನನ್ನು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುವುದೂ ಒಂದೇ, ಶಾಲೆಗೆ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಹೋಗುವುದೂ ಒಂದೇ. ಭಾನುವಾರ ಬಂತೆಂದರೆ ನಾನು ಒಂದು ವ್ಯಾನು ಗೊತ್ತುಮಾಡಿ, ನಮ್ಮ ಬೀದಿಯ ಹತ್ತು ಹನ್ನೆರಡು ಜನರನ್ನು ಹಳ್ಳಿಗಾಡಿಗೆ ಹೊರಡಿಸುತ್ತೇನೆ. ಜಾನಪದ ಸಂಗ್ರಹಾಲಯ, ಹಳೇ ಕಾಲದ ವೇಷ ತೊಟ್ಟು ನಡೆಸುವ ಇತಿಹಾಸದ ಉತ್ಸವ, ಹೀಗೆ ಎಲ್ಲಿಗಾದರೂ ಬೆಳಗ್ಗೆ ಹೋಗಿ ಸಂಜೆ ವಾಪಸು. ಡ್ರೈವರ್ ಪಕ್ಕದ ಸೀಟು ದೊಡ್ಡಪ್ಪನದು. ಅಲ್ಲಿನ ಗೈಡು ಬಾಯಿ ತೆರೆಯುವಷ್ಟರಲ್ಲಿ ಇವರು ಮುಂದಿನ ಕೋಣೆಯಲ್ಲಿರುತ್ತಾರೆ. “ಗರಗಸದ ಹಿಡಿ ತಲೆಕೆಳಗಾಗಿ ಹಾಕಿದಾರೆ!” ಅಂತ ಅಲ್ಲಿಂದಲೇ ತೀರ್ಪು ಬರುತ್ತದೆ. “ದೊಡ್ಡಪ್ಪ, ಸುಸ್ತಾಯ್ತಾ?” ಅಂದರೆ, “ಪುಸ್ತಕ ಯಾಕೆ ಈಗ?” ಅನ್ನುವರು. ವ್ಯಾನಿಗೆ ವ್ಯಾನೇ ನಗುತ್ತಿತ್ತು. ಮುದುಕನಿಗೆ ಕುಚೇಷ್ಟೆ ಜಾಸ್ತಿ ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು!

ಅವರ ಕಸುಬು ಹಗ್ಗ ಹೊಸೆಯುವುದು. ಅದು ಇಬ್ಬರ ಕೆಲಸ. ಒಬ್ಬ ನಿಂತಲ್ಲೇ ರಾಟೆ ತಿರುಗಿಸಬೇಕು. ಇನ್ನೊಬ್ಬ ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳಲ್ಲಿ ಎಳೆ ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಅವನ ಕಣ್ಣು ಬೆರಳಿನಿಂದ ಕದಲುವ ಹಾಗಿಲ್ಲ, ಕದಲಿದರೆ ಎಳೆ ಗಂಟುಗಂಟಾಗುತ್ತದೆ. ಹಿಂದೆ ಕಲ್ಲಿದೆಯೋ ಗುಂಡಿಯಿದೆಯೋ ನೋಡಿ ಕೂಗಿ ಹೇಳಬೇಕಾದವನು ರಾಟೆಯವನು. ಮೂವತ್ತು ವರ್ಷ ಹಿಂದಕ್ಕೆ ನಡೆದವರು ದೊಡ್ಡಪ್ಪ. ಕೂಗಿ ಹೇಳುತ್ತಿದ್ದವರು ಅವರ ತಮ್ಮ, ಅಂದರೆ ನಮ್ಮಪ್ಪ.

ಆಮೇಲೆ ನೈಲಾನ್ ಬಂತು. ಅಪ್ಪ ನೈಲಾನ್ ಹಗ್ಗ ಮಾರುವ ಅಂಗಡಿಗೇ ಕೆಲಸಕ್ಕೆ ಸೇರಿದರು. “ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೋ” ಅಂದ ದೊಡ್ಡಪ್ಪ ಅವತ್ತೇ ಮಾತು ಬಿಟ್ಟರು. ಐದು ವರ್ಷ ಕಳೆದ ಮೇಲೆ ಅಪ್ಪನೇ ಸೋತು ಅವರ ಮನೆಗೆ ಹೋದರು. ಅಂಗಳದಲ್ಲಿ ಬೆನ್ನು ಹಾಕಿ ಕೂತು ಕುರ್ಚಿ ಹೆಣೆಯುತ್ತಿದ್ದ ಅಣ್ಣನನ್ನು ಗೇಟಿನ ಹೊರಗಿಂದ ಮೂರು ಸಲ ಕರೆದರಂತೆ. ಅವರು ತಿರುಗಿಯೂ ನೋಡಲಿಲ್ಲವಂತೆ. “ನಾಯಿ ಬೊಗಳಿದ್ರೂ ಜನ ತಿರುಗಿ ನೋಡ್ತಾರೆ. ಇನ್ನು ಸತ್ರೂ ಆ ಕಡೆ ಹೋಗಲ್ಲ” ಅಂದ ಅಪ್ಪ ಅವತ್ತು ಊಟ ಮಾಡಲಿಲ್ಲ. ಅದಾಗಿ ಆರು ವರ್ಷ.

ಈ ವರ್ಷ ಸಂಗ್ರಹಾಲಯದ ಮೇಡಂ ಉತ್ಸವಕ್ಕೆ ಹಗ್ಗ ಹೊಸೆದು ತೋರಿಸುವವರು ಬೇಕು ಅಂದರು. ನಾನು ಒಪ್ಪಿಕೊಂಡುಬಿಟ್ಟೆ. ರಾಟೆಗೆ ಯಾರೋ ಇದ್ದಾರೆ ಅಂತ ದೊಡ್ಡಪ್ಪನಿಗೆ, ನಾರು ಬಿಡೋಕೆ ಯಾರೋ ಇದ್ದಾರೆ ಅಂತ ಅಪ್ಪನಿಗೆ ಸುಳ್ಳು ಹೇಳಿದೆ. ಇಬ್ಬರೂ ಸಾಯುವುದರೊಳಗೆ ಒಂದು ಮಾತಾಡಲಿ ಅನ್ನುವುದಷ್ಟೇ ನನ್ನ ಆಸೆ. ಕೆಟ್ಟರೆ ಎರಡು ಮನೆಯ ಬಾಗಿಲೂ ನನಗೆ ಮುಚ್ಚುತ್ತಿತ್ತು.

ಮೈದಾನದಲ್ಲಿ ಇಬ್ಬರೂ ಎದುರುಬದುರಾದರು. ದೊಡ್ಡಪ್ಪ ನನ್ನ ಕಡೆ ತಿರುಗಿ, “ರಾಟೆಯವನಿಗೆ ಹೇಳು, ಅಚ್ಚಿಗೆ ಎಣ್ಣೆ ಬಿಡಲಿ” ಅಂದರು.

“ಬಿಟ್ಟಿದೀನಿ ಅಂತ ಹೇಳಮ್ಮ” ಅಂದರು ಅಪ್ಪ, ಎರಡು ಮಾರು ದೂರದಿಂದ.

ಅಂತೂ ರಾಟೆ ತಿರುಗಿತು. ಎಳೆ ಸರಸರ ಬೆಳೆಯಿತು. ವೇಷ ತೊಟ್ಟು ಬಂದಿದ್ದ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ದೊಡ್ಡಪ್ಪ ಒಂದೊಂದೇ ಹೆಜ್ಜೆ ಹಿಂದಿಡುತ್ತಾ ಮೈದಾನದ ಕೊನೆ ಮುಟ್ಟುತ್ತಿದ್ದರು. ಅಲ್ಲೊಂದು ಕುದುರೆಗೆ ನೀರು ಕುಡಿಸುವ ಕಲ್ಲಿನ ತೊಟ್ಟಿ ಇತ್ತು. “ಸಾಕು!” ಅಂದರು ಅಪ್ಪ. ದೊಡ್ಡಪ್ಪ ನಿಲ್ಲಲಿಲ್ಲ. ಅಪ್ಪ ಹನ್ನೊಂದು ವರ್ಷದ ಹಟವನ್ನೆಲ್ಲ ನುಂಗಿ, “ಅಣ್ಣಾ! ನಿಲ್ಲು! ತೊಟ್ಟಿ!” ಅಂತ ಕಿರುಚಿದರು.

ದೊಡ್ಡಪ್ಪ ದೊಪ್ಪೆಂದು ನೀರಿಗೆ ಕೂತರು.

ಸದ್ಯ, ಪೆಟ್ಟಾಗಲಿಲ್ಲ. ಅಪ್ಪ ಏದುಸಿರು ಬಿಡುತ್ತಾ ಓಡಿ ಬಂದು, “ಅಷ್ಟು ಕೂಗಿದೆ, ಕೇಳಿಸ್ಲಿಲ್ವಾ?” ಅಂದರು.

“ಕೆಸರಾ? ಇಲ್ಲ, ಬರೀ ನೀರು.”

ಜನ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪ ಅಲ್ಲೇ ಮಂಡಿಯೂರಿ ಕೂತು, ಅಣ್ಣನ ಕಿವಿಗೆ ಬಾಯಿಟ್ಟು, “ಯಾವಾಗಿಂದ?” ಅಂತ ಕೇಳಿದರು.

ದೊಡ್ಡಪ್ಪ ತಲೆ ತಗ್ಗಿಸಿದರು. “ಏಳೆಂಟು ವರ್ಷ ಆಯ್ತು. ಹೇಳಿದ್ರೆ ಇವಳು ನನ್ನನ್ನ ಎಲ್ಲಿಗೂ ಕರ್ಕೊಂಡು ಹೋಗ್ತಿರಲಿಲ್ಲ. ಕಿವುಡನ್ನ ಕಟ್ಕೊಂಡು ಯಾರು ತಿರುಗ್ತಾರೆ?”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಪ್ಪ ಮನಸ್ಸಲ್ಲೇ ವರ್ಷ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಗೇಟಿನ ಹತ್ತಿರ ನಿಂತು ಕರೆದ ದಿನದ ವಿಷಯವನ್ನು ನಿಧಾನವಾಗಿ, ಎರಡೆರಡು ಸಲ ಹೇಳಿದರು.

“ಬಂದಿದ್ದೆಯೇನೋ ನೀನು?” ಅಂದರು ದೊಡ್ಡಪ್ಪ. ಒದ್ದೆ ಕೈಯಲ್ಲೇ ತಮ್ಮನ ಮುಖ ಸವರಿದರು. ಇಬ್ಬರೂ ಅತ್ತರು, ನಾನೂ ಅತ್ತೆ.

ಇವತ್ತಿಗೆ ಇಷ್ಟು ಸಾಕು ಅಂದರು ಮೇಡಂ. ಅಪ್ಪ ಕೇಳಲಿಲ್ಲ. ಒಣಗಿದ ನಾರು ತರಿಸಿ ತಮ್ಮ ಸೊಂಟಕ್ಕೇ ಸುತ್ತಿಕೊಂಡರು. “ನೀನು ರಾಟೆಗೆ ನಿಲ್ಲಣ್ಣ. ನನಗೆ ಕೇಳಿಸುತ್ತೆ, ನಾನು ನಡೀತೀನಿ.”

ಅಪ್ಪನ ಬೆರಳಿಗೆ ಆ ಕೆಲಸದ ಅಭ್ಯಾಸವೆಲ್ಲಿ? ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಒದ್ದೆ ಬಟ್ಟೆಯಲ್ಲೇ ರಾಟೆ ಹಿಡಿದ ದೊಡ್ಡಪ್ಪ ಇಡೀ ಮೈದಾನಕ್ಕೆ ಕೇಳಿಸುವ ಹಾಗೆ ಶುರುಮಾಡಿದರು: “ದಪ್ಪ ಆಯ್ತು ಕಣೋ! ಬೆರಳು ಸಡಿಲ ಬಿಡೋ, ಪೆದ್ದ! ಎಡಕ್ಕೆ ಬಾ, ಎಡಕ್ಕೆ! ನಿನ್ನ ಎಡ ಯಾವುದು ಅಂತಾನೂ ಮರೆತ್ಯಾ?” ಹನ್ನೊಂದು ವರ್ಷದ ಬೈಗುಳ ಬಾಕಿ ಇತ್ತಲ್ಲ. ಅಣ್ಣನಿಗೆ ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ, ಅಪ್ಪ ಪ್ರತಿಯೊಂದಕ್ಕೂ “ಹೂಂ ಅಣ್ಣ, ಹೂಂ ಅಣ್ಣ” ಅನ್ನುತ್ತಾ ಹಿಂದಕ್ಕೆ ನಡೆದರು.