ತುಕ್ಕು ಹಿಡಿದ ಲಾಳ

ಸಾಂಟಾ ಕ್ಲಾರಾದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಫಾರಂ ತುಂಬುತ್ತಿದ್ದೆ. ನನ್ನ ತಲೆಯೊಳಗೆ ಕಂಡ ಸಣ್ಣ ಗಂಟೊಂದನ್ನು ಎಂಆರ್‌ಐ ಮಾಡಿ ಸರಿಯಾಗಿ ನೋಡಬೇಕಂತೆ. ಮೈಮೇಲೆ ಲೋಹವೇನಾದರೂ ಇದೆಯೇ ಎಂಬ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ಮೈಮೇಲೆ ಇರಲಿಲ್ಲ, ನಿಜ. ಆದರೆ ಬೆರಳಿಗೆ ತುಕ್ಕಿನ ವಾಸನೆ ಹತ್ತಿತ್ತು. ನಗಬೇಡಿ, ನನ್ನ ಬ್ಯಾಗಿನಲ್ಲೊಂದು ಕುದುರೆ ಲಾಳವಿತ್ತು.

ಅದು ನಮ್ಮತ್ತೆಯ ಆಸ್ತಿ. ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನ ಬಾಣಂತನಕ್ಕೆಂದು ಮಂಡ್ಯದ ಕಡೆಯಿಂದ ಸ್ಯಾನ್ ಹೊಸೆಗೆ ಬಂದವರು, ಮಗುವಿನ ಮುಖ ನೋಡಿದ್ದೇ ಕೇಳಿದರು: "ತಲೆದೆಸೆಗೆ ಕಬ್ಬಿಣ ಏನಿಟ್ಟಿದ್ದೀಯವ್ವ?" ಏನೂ ಇಟ್ಟಿರಲಿಲ್ಲ. ಊರಿನಲ್ಲಾಗಿದ್ದರೆ ಗಾಳಿ ಸೋಕದಿರಲೆಂದು ತೊಟ್ಟಿಲ ಕೆಳಗೆ ಕುಡುಗೋಲು ಇರುತ್ತಿತ್ತು. ಅತ್ತೆ ತಂದಿದ್ದ ಅಡಕತ್ತರಿಯನ್ನು ವಿಮಾನ ನಿಲ್ದಾಣದ ತಪಾಸಣೆಯವರು ತೆಗೆದಿಟ್ಟುಕೊಂಡಿದ್ದರು. ಈ ಮಗುವಿಗೆ ಮೊದಲು ನಾನು ಒಂದು ಮಗುವನ್ನು ಕಳೆದುಕೊಂಡಿದ್ದೆ. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕನ್ನಡ ಎಂ.ಎ. ಮಾಡಿದ ಜಂಬ ನನಗಿನ್ನೂ ಇಳಿದಿರಲಿಲ್ಲ. ಹಳೆಯ ಕಾವ್ಯಗಳಲ್ಲಿ ಕಬ್ಬಿಣವೆಂದರೆ ಪರುಷಮಣಿ ತಾಗಿ ಹೊನ್ನಾಗಲೆಂದು ಕಾದು ಕೂತ ಕೀಳು ಲೋಹ ಎಂದು ಉಪನ್ಯಾಸ ಶುರು ಮಾಡಿದೆ. ಅತ್ತೆ ಸೌಟು ಕೆಳಗಿಟ್ಟರು. "ಹೊನ್ನು ಕಂಡ್ರೆ ಎಲ್ಲಾ ಹತ್ರ ಬತ್ತಾರೆ ಕಣವ್ವ. ನಂಗೆ ಹತ್ರ ಬರದಂಗೆ ಮಾಡೋದು ಬೇಕು." ಉಪನ್ಯಾಸ ಅಲ್ಲಿಗೆ ಮುಗಿಯಿತು.

ಮನೆಯೆಲ್ಲ ಜಾಲಾಡಿದರು. ಸಿಕ್ಕಿದ್ದೆಲ್ಲ ಸ್ಟೀಲು, ಅಲ್ಯೂಮಿನಿಯಂ. ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತವನ್ನು ಚಾಕುವಿಗೆ ಅಂಟಿಸಿ, ನೋಡಿ, ಇದೂ ಕಬ್ಬಿಣವೇ ಎಂದೆ. "ತುಕ್ಕು ಹಿಡೀದೆ ಇರೋದು ಎಂಥಾ ಕಬ್ಬಿಣ?" ಎಂದು ಪಕ್ಕಕ್ಕೆ ಸರಿಸಿದರು. ಕೊನೆಗೆ ಭಾನುವಾರ, ಹಳೆಯ ಸಾಮಾನಿನ ಸಂತೆಯಲ್ಲಿ ಈ ಲಾಳ ಕಂಡಿತು. ಅಂಗಡಿಯ ಮುದುಕನಿಗೆ ಇವರ ಭಾಷೆ ಬರದು, ಇವರಿಗೆ ಅವನದು. ಅತ್ತೆ ಲಾಳ ತೋರಿಸಿ, ಎರಡೂ ಕೈಯಲ್ಲಿ ಮಗು ತೂಗುವಂತೆ ಮಾಡಿದರು. ಅವನು ತಲೆಯಾಡಿಸಿ, ಗಾಳಿಯಲ್ಲೊಂದು ಬಾಗಿಲು ಬರೆದು, ಅದರ ಮೇಲೆ ಮೊಳೆ ಹೊಡೆದು ತೋರಿಸಿದ. ಪುಸ್ತಕ ಓದಿದ ನಾನೊಬ್ಬಳು ಪೆದ್ದಿಯಂತೆ ನಿಂತಿದ್ದೆ.

ಅತ್ತೆ ಈಗಿಲ್ಲ. ಇವತ್ತು ಬೆಳಿಗ್ಗೆ ಹೊರಡುವಾಗ ಕೈ ತಾನಾಗಿ ಲಾಳ ಎತ್ತಿಕೊಂಡಿತ್ತು. ಆದರೆ ನೋಡಿ, ಒಳಗಿನ ಯಂತ್ರವೇ ಒಂದು ದೊಡ್ಡ ಆಯಸ್ಕಾಂತ. ಕಬ್ಬಿಣ ಸುಳಿಯಲೇಬಾರದ ಕೋಣೆಗೆ ನಾನು ಒಬ್ಬಳೇ ಹೋಗಬೇಕು. ನನಗೆ ಹೆದರಿಕೆಯಾಗಿತ್ತು.

ಅಂದು ತೊಟ್ಟಿಲಲ್ಲಿದ್ದ ಮಗಳು ಈಗ ಪಕ್ಕದಲ್ಲಿ ಕೂತಿದ್ದಳು; ಅವಳ ಮಡಿಲಲ್ಲಿ ಲಾಳ ಇಟ್ಟೆ. "ನಾನು ಬರೋವರೆಗೂ ಹಿಡ್ಕೊಂಡಿರು."

"ಅಮ್ಮಾ, ಇಟ್ಸ್ ಆಲ್ ರಸ್ಟ್."

"ಅದಕ್ಕೇ ಕಣೆ."

ಅವಳು ನನ್ನ ಮುಖ ನೋಡಿದಳು. ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಫಾರಮ್ಮಿನಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ಹೆಸರು ಕೂಗಿದರು. ತುಕ್ಕಿನ ವಾಸನೆ ಹತ್ತಿದ ಕೈ ತೊಳೆಯದೆ ಒಳಗೆ ನಡೆದೆ.